ಹೆಸರು, ಊರು ಬದಲಿಸಿದರೆ ಕಥೆ ನಮ್ಮದಾಗುತ್ತಾ?

ನಮ್ಮ ಭಾಗದ ಒಬ್ಬ ಲೇಖಕರ ಕಥೆಯನ್ನು ಕಿರುಚಿತ್ರ ಮಾಡಬೇಕು ಅಂತಿದ್ದೀರಿ. ಅವರು ತೀರಿಕೊಂಡು ಹತ್ತು ವರ್ಷವಾಗಿದೆ. ಪಾತ್ರಗಳ ಹೆಸರು, ಊರು ಬದಲಿಸಿ, ಕೊನೆಯನ್ನೂ ಸ್ವಲ್ಪ ತಿರುಗಿಸಿದರೆ ಯಾರನ್ನೂ ಕೇಳಬೇಕಿಲ್ಲ ಅಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಕೇಳಲೇಬೇಕು ನೋಡ್ರಿ. ನಾನು ವಕೀಲನಲ್ಲ, ಕಲಬುರಗಿಯಲ್ಲಿದ್ದು ಕಥೆ ಬರೆಯುವವನು. ನನ್ನ ಕಥೆಗೇ ಹೀಗಾದಾಗ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಬರಗಾಲದ ವರ್ಷ ಮನೆಯಲ್ಲಿ ಜೋಳದ ಹಿಟ್ಟು ಇಲ್ಲದ ದಿನ ನಮ್ಮವ್ವ ಒಲೆ ಮುಂದೆ ಕೂತು, ಹಿಟ್ಟು ನಾದುವ ಅಗಲ ತಟ್ಟೆ, ಅಂದರೆ ಖಾಲಿ ಪರಾತದಲ್ಲಿ ಅಂಗೈ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಗೆ ಕೇಳಬೇಕು, ಒಲೆ ಹೊತ್ತಿಲ್ಲ ಅಂತ ಯಾರಿಗೂ ಗೊತ್ತಾಗಬಾರದು. ಅದನ್ನೇ ಕಥೆ ಮಾಡಿದ್ದೆ. ಪತ್ರಿಕೆಯೊಂದರಲ್ಲಿ ಬಂತು. ಎರಡು ವರ್ಷ ಬಿಟ್ಟು ಗೆಳೆಯನೊಬ್ಬ ಮೊಬೈಲಿನಲ್ಲಿ ಒಂದು ಕಿರುಚಿತ್ರ ತೋರಿಸಿದ. ನನ್ನ ಕಥೆಯಲ್ಲಿದ್ದ ಆಳಂದದ ಬದಲು ಬೇರೆ ಊರು ಬಂದಿತ್ತು, ಅವ್ವ ಅಜ್ಜಿಯಾಗಿದ್ದಳು. ಆದರೆ ಪರಾತ ಅಲ್ಲೇ ಇತ್ತು. ಸದ್ದು ಕೇಳಿ ಪಕ್ಕದ ಮನೆ ಹುಡುಗಿ 'ಒಂದು ರೊಟ್ಟಿ ಕೊಡ್ರಿ' ಅಂತ ತಾಟು ಹಿಡಿದು ಬರುವುದೂ ಹಾಗೇ ಇತ್ತು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬರ, ಹಸಿವು, ಮಾನಕ್ಕೆ ಅಂಜುವ ತಾಯಿ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಮೇಲೆ ನೀವೂ ಬರೆಯಬಹುದು, ಸಿನಿಮಾ ಮಾಡಬಹುದು. ಆ ಪರಾತ, ಆ ಹುಡುಗಿ, ಒಂದರ ಹಿಂದೆ ಒಂದು ಬರುವ ಆ ಸನ್ನಿವೇಶಗಳು ಬರೆದವರವು. ಆರ್.ಜಿ. ಆನಂದ್ ಅವರು ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ಕದ್ದಿದ್ದಾರೆ ಅಂತ 'ನ್ಯೂ ಡೆಲ್ಲಿ' ಸಿನಿಮಾದವರ ಮೇಲೆ ಕೇಸು ಹಾಕಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ವಿಷಯ ಒಂದೇ ಆದರೂ ಹೇಳಿದ ರೀತಿ ಬೇರೆ ಅಂತ ಆನಂದ್ ಅವರಿಗೆ ಸೋಲಾಯಿತು. ಎರಡನ್ನೂ ನೋಡಿದ ಸಾಮಾನ್ಯ ಮನುಷ್ಯನಿಗೆ ಇದು ಅದರ ನಕಲೇ ಅನ್ನಿಸಬೇಕು, ಆಗ ತಪ್ಪು. ನೀವು ಕಥೆಯನ್ನೇ ಮುಂದಿಟ್ಟುಕೊಂಡು ಚಿತ್ರಕಥೆ ಬರೆಯುತ್ತಿದ್ದೀರಿ. ಹೆಸರು ಬದಲಿಸಿದ ಮಾತ್ರಕ್ಕೆ ಅದು ಸ್ವಂತದ್ದಾಗುವುದಿಲ್ಲ.

ಲೇಖಕರು ತೀರಿಕೊಂಡ ಮೇಲೂ ಕೃತಿಯ ಹಕ್ಕು (ಕಾಪಿರೈಟ್) 60 ವರ್ಷ ಇರುತ್ತದೆ, ಅದೂ ಮರುವರ್ಷದ ಜನವರಿಯಿಂದ ಲೆಕ್ಕ. ಕೈಲಾಸಂ 1946ರಲ್ಲಿ ಹೋದರು, ಅವರ ನಾಟಕಕ್ಕೆ ಈಗ ಯಾರ ಒಪ್ಪಿಗೆಯೂ ಬೇಡ. ಬಸವಕಲ್ಯಾಣದ ಶರಣರ ವಚನಗಳಂತೂ ಎಲ್ಲರವು. ಆದರೆ ಇವತ್ತಿನವರು ಮಾಡಿದ ಅನುವಾದ, ಬರೆದ ವ್ಯಾಖ್ಯಾನ ಎಲ್ಲರದಲ್ಲ.

ನಿಮ್ಮ ಲೇಖಕರ ಹಕ್ಕು ಮನೆಯವರ ಹತ್ತಿರ ಇದೆಯೋ, ಪ್ರಕಾಶಕರಿಗೆ ಬರೆದುಕೊಟ್ಟಿದ್ದಾರೋ ಮೊದಲು ವಿಚಾರಿಸಿ. ಬಾಯಿಮಾತು ಸಾಲದು, ಕಾಗದದ ಮೇಲೆ ಸಹಿ ಇರಲಿ. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತಲೇ ಹಿಡಿಯುತ್ತದೆ. ಕಾಗದದಲ್ಲಿ ಬೇರೆ ಮಾತು ಇಲ್ಲದಿದ್ದರೆ, 1 ವರ್ಷದೊಳಗೆ ಬಳಸದಿದ್ದರೂ ಹಕ್ಕು ವಾಪಸ್ ಹೋಗುತ್ತದೆ. ಹಾಗಾಗಿ ಎಷ್ಟು ವರ್ಷ, ಯಾವ ಭಾಷೆ, ಮೊಬೈಲಿಗೋ ಥಿಯೇಟರಿಗೋ, ಎಲ್ಲ ಬರೆಸಿಕೊಳ್ಳಿ. 'ಇಂಥವರ ಕಥೆಯಿಂದ ಸ್ಫೂರ್ತಿ' ಅಂತ ಒಂದು ಸಾಲು ಹಾಕಿದರೆ ಒಪ್ಪಿಗೆ ಪಡೆದಂತೆ ಆಗುವುದಿಲ್ಲ.

ನನ್ನ ಕಥೆಯ ಕಿರುಚಿತ್ರ ಮಾಡಿದ ಬೆಂಗಳೂರಿನವರ ಮೇಲೆ ಕಲಬುರಗಿಯವರು ಏನು ಮಾಡಲು ಸಾಧ್ಯ ಅಂತ ನಾನೂ ಅಂದುಕೊಂಡಿದ್ದೆ. ಹಕ್ಕುದಾರ ತಾನಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹಾಕಬಹುದು ಅಂತ ವಕೀಲರು ಹೇಳಿದರು. ಒಂದು ನೋಟಿಸ್ ಕಳಿಸಿದೆವು. ಅವರು ಹೆಸರು ಸೇರಿಸಿದರು, ನಾನು ಅಲ್ಲಿಗೇ ಬಿಟ್ಟೆ.

ಮೊದಲೇ ಕೇಳಿದ್ದರೆ ಸುಮ್ನೆ ಕೊಡುತ್ತಿದ್ದೆ. ಶೂಟಿಂಗಿಗೂ ಹೋಗುತ್ತಿದ್ದೆ. ಆ ಚಿತ್ರದಲ್ಲಿ ಅಜ್ಜಿ ಪರಾತಕ್ಕೆ ಬೆರಳಿನಿಂದ ಬಡಿಯುತ್ತಾಳೆ. ನಮ್ಮವ್ವ ಅಂಗೈಯಿಂದ ಬಡಿಯುತ್ತಿದ್ದಳು, ಇಲ್ಲದ ರೊಟ್ಟಿಯನ್ನು ನಡುನಡುವೆ ತುಸು ತಿರುಗಿಸುತ್ತಿದ್ದಳು.