ಗ್ಯಾರಂಡ್ ರೈಫಲ್ 7.62ಕ್ಕೆ ಬದಲಾಗಿದ್ದರೆ, ಬದಲಿಸಿದ್ದು ಯಾರೆಂದು ತಿಳಿಯುವುದು ಹೇಗೆ?

ಎಂ1 ಗ್ಯಾರಂಡ್ ಎಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್, ಮೂಲತಃ .30-06 ಎಂಬ ಉದ್ದನೆಯ ಗುಂಡಿನದು. ನಿಮ್ಮದರ ರಿಸೀವರ್ (ಬ್ಯಾರೆಲ್ ಹಿಂದಿನ ಲೋಹದ ಮುಖ್ಯ ಒಡಲು) ಮೇಲೆ ಅಮೆರಿಕದ ಸರ್ಕಾರಿ ಕಾರ್ಖಾನೆಯಾದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಹೆಸರಿದೆ, ಎಡಮಗ್ಗುಲಲ್ಲಿ ಗಿಡ್ಡನೆಯ 7.62 ನ್ಯಾಟೋ ಗುಂಡನ್ನು ಸೂಚಿಸುವ 7.62 ಎಂಬ ಅಚ್ಚಿದೆ, ಕ್ಲಿಪ್ (ಗುಂಡುಗಳನ್ನು ಒಟ್ಟಾಗಿ ಹಿಡಿದಿಡುವ ಲೋಹದ ಹಿಡಿಕೆ) ಇಳಿಯುವ ಜಾಗದ ಮುಂಭಾಗದಲ್ಲಿ ಒಂದು ಸಣ್ಣ ತುಂಡು ಕೂತಿದೆ ಎಂದಿದ್ದೀರಿ. ಇದು ನೌಕಾಪಡೆಯದೋ, ಇಟಲಿಯದೋ, ಯಾರೋ ಖಾಸಗಿಯಾಗಿ ಮಾಡಿಸಿದ್ದೋ ಎಂಬುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ: ರಿಸೀವರ್ ಹೇಳುವುದು ರೈಫಲ್ ಎಲ್ಲಿ ತಯಾರಾಯಿತು ಎಂಬುದನ್ನು ಮಾತ್ರ. ಬದಲಿಸಿದವರ ಗುರುತು ಉಳಿಯುವುದು ಬ್ಯಾರೆಲ್‌ನಲ್ಲಿ, ಅದರಲ್ಲೂ ಗುಂಡು ಕೂರುವ ಹಿಂಭಾಗದ ಕುಳಿಯಾದ ಚೇಂಬರ್‌ನಲ್ಲಿ.

ಇಟಲಿಯ ಬಿಎಂ59 ರೈಫಲನ್ನು ಬೇಗ ಪಕ್ಕಕ್ಕಿಡಬಹುದು. ಬೆರೆಟ್ಟಾ ಕಂಪನಿ ಗ್ಯಾರಂಡ್ ವಿನ್ಯಾಸವನ್ನೇ ತಿದ್ದಿ ಮಾಡಿದ ಬಿಎಂ59ಕ್ಕೆ ಕಳಚಿ ಹಾಕುವ 20 ಗುಂಡಿನ ಮ್ಯಾಗಜೀನ್ ಇರುತ್ತದೆ. ನಿಮ್ಮದು ಇಂದಿಗೂ 8 ಗುಂಡಿನ ಕ್ಲಿಪ್ಪಿನಲ್ಲೇ ನಡೆಯುತ್ತಿದ್ದರೆ ಅದು ಬಿಎಂ59 ಅಲ್ಲ. ಆದರೆ ಅಷ್ಟರಿಂದಲೇ ಇಟಲಿಯಲ್ಲಿ ಬದಲಿಸಿದ್ದಲ್ಲ ಎನ್ನಲಾಗದು.

ಇನ್ನು ಅಮೆರಿಕದ ನೌಕಾಪಡೆ. 1960ರ ದಶಕದಲ್ಲಿ 7.62 ನ್ಯಾಟೋ ಗುಂಡಿನ ಹೊಸ ಎಂ14 ರೈಫಲ್‌ಗಳು ಬೇಕಾದಷ್ಟು ಸಿಗದಿದ್ದಾಗ ಅದು ತನ್ನ ಗ್ಯಾರಂಡ್‌ಗಳನ್ನೇ 7.62 ನ್ಯಾಟೋಗೆ ಬದಲಿಸಿಕೊಂಡಿತು. ಮಾರ್ಕ್ 2 ಮಾಡ್ 0 ಎಂಬ ಮೊದಲ ಬಗೆಯಲ್ಲಿ ಹಳೇ ಬ್ಯಾರೆಲ್ಲನ್ನೇ ಉಳಿಸಿ, ಚೇಂಬರ್ ಒಳಗೆ ಅದನ್ನು ಗಿಡ್ಡ ಮಾಡುವ ಉಕ್ಕಿನ ಬುಷ್ (ಸಣ್ಣ ಕೊಳವೆ) ಕೂರಿಸಿದರು. ಮಾಡ್ 1ರಲ್ಲಿ ಬ್ಯಾರೆಲ್ಲನ್ನೇ ಬದಲಿಸಿ ಹೊಸ 7.62 ಬ್ಯಾರೆಲ್ ಹಾಕಿದರು. ನೀವು ಕಂಡ ಆ ತುಂಡು .30-06 ಗುಂಡಿನ ಉದ್ದನೆಯ ಕ್ಲಿಪ್ ತಪ್ಪಿಯೂ ಒಳಗೆ ಇಳಿಯದಂತೆ ತಡೆಯಲು ಇಟ್ಟದ್ದು. ಆದರೆ ಅಂಥ ತುಂಡು ಬಿಡಿಯಾಗಿಯೂ ಮಾರಾಟಕ್ಕೆ ಸಿಗುತ್ತದೆ, 7.62 ಅಚ್ಚನ್ನು ಯಾರು ಬೇಕಾದರೂ ಹೊಡೆಯಬಹುದು. ಇವೆರಡನ್ನೇ ನಂಬಿ ನೌಕಾಪಡೆಯದು ಎಂದುಕೊಳ್ಳಬೇಡಿ.

ಕ್ಲಿಪ್ ತೆಗೆದು, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಆಪರೇಟಿಂಗ್ ರಾಡನ್ನು (ಬಲಗಡೆ ಹಿಡಿಕೆಯಿರುವ ಸರಳು) ಹಿಂದಕ್ಕೆ ಎಳೆದು ನಿಲ್ಲಿಸಿದರೆ ಬ್ಯಾರೆಲ್‌ನ ಬಲಮಗ್ಗುಲು ಕಾಣುತ್ತದೆ. ಅಲ್ಲಿ ತಯಾರಕರ ಅಕ್ಷರಗಳು, ಡ್ರಾಯಿಂಗ್ ಸಂಖ್ಯೆ, ತಿಂಗಳು ಮತ್ತು ವರ್ಷ ಇರುತ್ತವೆ. '11 43' ಎಂದರೆ 1943ರ ನವೆಂಬರ್. ಯುದ್ಧಕ್ಕೂ ಮುಂಚಿನ ಬ್ಯಾರೆಲ್‌ಗಳಲ್ಲಿ ಇವು ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಮೇಲಿನ ಮರದ ಹೊದಿಕೆ) ಅಡಿಯಲ್ಲಿ ಅಡಗಿರಬಹುದು. 1960ರ ದಶಕದ ಸ್ಪ್ರಿಂಗ್‌ಫೀಲ್ಡ್ ಬ್ಯಾರೆಲ್ ಆಗಿದ್ದು ಚೇಂಬರ್ 7.62 ಇದ್ದರೆ ಮಾಡ್ 1ರ ಕಡೆಗೆ ವಾಲಬಹುದು. ಖಾಸಗಿ ಕಂಪನಿಯ ಹೆಸರೋ '308' ಎಂಬ ಬರಹವೋ ಇದ್ದರೆ ಅದು ನಂತರ ಹಾಕಿಸಿದ ಬ್ಯಾರೆಲ್.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು 1940ರ ದಶಕದ ಬ್ಯಾರೆಲ್ ಇದ್ದೂ ಚೇಂಬರ್ 7.62 ಆಗಿದ್ದಾಗ. .30-06 ಗುಂಡಿನ ಕೇಸ್ (ಮದ್ದು ತುಂಬಿದ ಲೋಹದ ಕವಚ) 63 ಮಿಲಿಮೀಟರ್ ಉದ್ದ, 7.62 ನ್ಯಾಟೋದ್ದು 51. ಉದ್ದನೆಯ ಚೇಂಬರ್ ಒಮ್ಮೆ ಕೊರೆದ ಮೇಲೆ ಅದನ್ನು ಗಿಡ್ಡ ಮಾಡಲು ಮತ್ತೆ ಕೊರೆದು ಪ್ರಯೋಜನವಿಲ್ಲ, ಹೋದ ಲೋಹ ವಾಪಸ್ ಬರುವುದಿಲ್ಲ. ಹಾಗಾಗಿ ಮಿಲಿಟರಿ ಉದ್ದದ ಹಳೇ ಬ್ಯಾರೆಲ್‌ನಲ್ಲಿ ಗಿಡ್ಡ ಚೇಂಬರ್ ಇದೆಯೆಂದರೆ ಒಳಗೆ ಬುಷ್ ಇದೆಯೆಂದೇ ಅರ್ಥ.

ಇದನ್ನು ಅಳೆಯಲು ಸೆರೋಸೇಫ್ ಎಂಬ ಮಿಶ್ರಲೋಹದಲ್ಲಿ ಚೇಂಬರ್‌ನ ಅಚ್ಚು ತೆಗೆಯಬೇಕು. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಸೀಸ, ಕ್ಯಾಡ್ಮಿಯಂ ಇರುವುದರಿಂದ ಗಾಳಿಯಾಡುವ ಜಾಗದಲ್ಲೇ ಕರಗಿಸಿ. ಚೇಂಬರ್‌ನಲ್ಲಿ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಚೇಂಬರ್ ಮುಗಿದ ಮೇಲೆ ಸುಮಾರು ಒಂದು ಇಂಚು ಮುಂದೆ ಬಟ್ಟೆಯ ಬಿರಡೆ ಕೂರಿಸಿ, ಬ್ಯಾರೆಲ್ಲನ್ನು ಸ್ವಲ್ಪ ಬೆಚ್ಚಗೆ ಮಾಡಿ ಸುರಿಯಿರಿ. ಚೇಂಬರ್ ಬಾಯಿಗಿಂತ ಮೇಲೆ ತುಂಬಿಸಿದರೆ ಲೋಹ ಬೋಲ್ಟ್ ಕೂರುವ ಸಂದಿಗಳಿಗೆ ಹರಿದು ಹಿಡಿದುಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅದು ಮೊದಲು ಕುಗ್ಗಿ ಆಮೇಲೆ ಹಿಗ್ಗುವ ಲೋಹ, ಆದ್ದರಿಂದ ಗಟ್ಟಿಯಾದ ಮೇಲೆ ಅರ್ಧ ಗಂಟೆಯೊಳಗೆ ಮೂತಿಯ ಕಡೆಯಿಂದ ರಾಡ್ ಹಾಕಿ ಹಿಂದಕ್ಕೆ ತಳ್ಳಿ ತೆಗೆಯಿರಿ, ಸುಮಾರು ಒಂದು ಗಂಟೆಯಾದ ಮೇಲೆ ವರ್ನಿಯರ್‌ನಲ್ಲಿ ಅಳೆಯಿರಿ. ಕೇಸ್‌ನ ತಳದಿಂದ ಭುಜ (ಕೇಸ್ ಕಿರಿದಾಗುವ ಇಳಿಜಾರು) ಶುರುವಾಗುವ ತನಕದ ಉದ್ದ 7.62ರಲ್ಲಿ ಸುಮಾರು 39.6 ಮಿಲಿಮೀಟರ್, .30-06ರಲ್ಲಿ 49.5. ಕೇಸ್‌ನ ತಳ ಚೇಂಬರ್‌ನಿಂದ ತುಸು ಹೊರಗೇ ಉಳಿಯುವುದರಿಂದ ಅಚ್ಚಿನ ಅಳತೆ ಒಂದಷ್ಟು ಕಮ್ಮಿ ಬರುತ್ತದೆ, ಆದರೂ ಹತ್ತು ಮಿಲಿಮೀಟರ್ ಅಂತರದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಬುಷ್ ಇದ್ದರೆ ಭುಜದ ಆಸುಪಾಸಿನಲ್ಲಿ ಕೂದಲೆಳೆಯಷ್ಟು ತೆಳುವಾದ ಉಂಗುರದ ಗೆರೆ ಅಚ್ಚಿನಲ್ಲಿ ಮೂಡಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ.

ಗೆರೆ ಕಂಡರೆ ರೈಫಲ್ ಹಾರಿಸಬೇಡಿ. ಈ ಬುಷ್‌ಗಳ ದೊಡ್ಡ ದೋಷವೇ ಸಡಿಲವಾಗುವುದು. ಕೆಲವೊಮ್ಮೆ ಖಾಲಿ ಕೇಸ್ ಜೊತೆ ಅದೂ ಹೊರಗೆ ಬಂದುಬಿಡುತ್ತಿತ್ತು. ಆಮೇಲೆ ಹಾರಿಸಿದ 7.62 ನ್ಯಾಟೋ ಗುಂಡಿನ ಗಿಡ್ಡ ಕೇಸ್ ಉದ್ದನೆಯ ಚೇಂಬರ್‌ನಲ್ಲಿ ಆಧಾರವಿಲ್ಲದೆ ಒಡೆಯಬಹುದು.

ರಿಸೀವರ್ ಅಸಲಿಯೇ ಎಂದೂ ನೋಡಿಕೊಳ್ಳಿ. ಸ್ಟಾಕ್ (ಮರದ ಒಡಲು) ಕಳಚಿದರೆ ರಿಸೀವರ್‌ನ ಬಲಗಡೆ, ಮುಂಭಾಗದಲ್ಲಿ ಕೆಳಕ್ಕೆ ಇಳಿದಿರುವ ಕಾಲಿನಂಥ ಭಾಗದ ಮೇಲೆ ಡ್ರಾಯಿಂಗ್ ಸಂಖ್ಯೆ ಕಾಣುತ್ತದೆ. ಯುದ್ಧಕಾಲದವುಗಳಲ್ಲಿ ಅದು ಡಿ28291 ಎಂದು ಶುರುವಾಗುತ್ತದೆ. ಹಿಂತುದಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂದಿದ್ದು ಆ ಕಾಲಿನ ಮೇಲೆ ವಿಂಚೆಸ್ಟರ್‌ನ 'ಡಬ್ಲ್ಯೂಆರ್‌ಎ' ಇದ್ದರೆ, ಗುಜರಿಗೆ ಹೋಗಿದ್ದ ಎರಡು ರಿಸೀವರ್‌ಗಳ ತುಂಡುಗಳನ್ನು ವೆಲ್ಡಿಂಗ್ ಮಾಡಿ ಜೋಡಿಸಿದ್ದಾರೆ. ಕ್ರಮಸಂಖ್ಯೆ 70 ಲಕ್ಷ ದಾಟಿದ್ದರೆ ಅದು ಸರ್ಕಾರಿ ಕಾರ್ಖಾನೆಯದಲ್ಲ. ಆ ಕಾರ್ಖಾನೆ 1968ರಲ್ಲಿ ಮುಚ್ಚಿದ ಮೇಲೆ ಅದೇ ಹೆಸರಿಟ್ಟುಕೊಂಡ ಖಾಸಗಿ ಕಂಪನಿಯದು.

ಬುಷ್ ಇರುವ ಬ್ಯಾರೆಲ್ ಎಂದು ಖಚಿತವಾದರೆ, ಹಾರಿಸುವ ಆಸೆಗೆ ಅದನ್ನು ಬಿಚ್ಚಿಸಿ ಹೊಸದು ಹಾಕಿಸಬೇಡಿ. ಆ ರೈಫಲ್ ನೌಕಾಪಡೆಯದು ಎನ್ನಲು ಇರುವ ಮುಖ್ಯ ಪುರಾವೆಯೇ ಆ ಬ್ಯಾರೆಲ್. ಹಾರಿಸಲು ಬೇರೆ ಗ್ಯಾರಂಡ್ ಸಿಗುತ್ತದೆ.