ಟೊಮೇಟೊ ಕಾಯಿಯ ತಳ ಕಪ್ಪಾಗುತ್ತಿರುವುದಕ್ಕೆ

ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಗಟ್ಟಿಯಾಗುತ್ತಿದೆ, ಎರಡು ಬಾರಿ ಶಿಲೀಂಧ್ರನಾಶಕ ಸಿಂಪಡಿಸಿದರೂ ನಿಂತಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಸಿಂಪಡಣೆ ನಿಲ್ಲಿಸಿ. ಇದು ಶಿಲೀಂಧ್ರದ ಕೆಲಸವಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪದೆ ಅಲ್ಲಿನ ಜೀವಕೋಶಗಳು ಸಾಯುತ್ತಿವೆ.

ಹಾಗೆಂದು ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಅರ್ಥವಲ್ಲ. ಅದು ಬೇರಿನಿಂದ ನೀರಿನ ಜೊತೆಯಲ್ಲೇ ಮೇಲೇರಬೇಕು. ಹೆಚ್ಚು ನೀರನ್ನು ಆವಿಯಾಗಿಸುವ ಎಲೆಗಳು ಅದನ್ನು ಮೊದಲು ಸೆಳೆದುಕೊಳ್ಳುತ್ತವೆ, ಕಾಯಿಗೆ ಸಿಗುವುದು ಉಳಿದದ್ದು ಮಾತ್ರ. ಕುಂಡ ಎರಡು ದಿನ ಒಣಗಿರುತ್ತದೆ, ಮೂರನೆಯ ದಿನ ತುಂಬಾ ನೀರು ಹಾಕುತ್ತೇನೆ ಎಂದಿರಲ್ಲ, ನನ್ನ ಅನುಮಾನವೆಲ್ಲ ಅಲ್ಲಿಯೇ. ದಿನವೂ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ತಳದ ರಂಧ್ರದಿಂದ ನೀರು ಇಳಿಯುವವರೆಗೆ ನಿಧಾನವಾಗಿ ಹಾಕಿ. ಬಿರುಬಿಸಿಲಿನಲ್ಲಿ ದಿನಕ್ಕೆ ಎರಡು ಬಾರಿಯೂ ಬೇಕಾಗಬಹುದು. ಮಣ್ಣಿನ ಮೇಲೆ ಒಣ ಎಲೆಗಳನ್ನು ದಪ್ಪವಾಗಿ ಹಾಸಿ. ನಿಮ್ಮ 8 ಲೀಟರಿನ ಕುಂಡ ತೇವ ಹಿಡಿದಿಡಲು ಚಿಕ್ಕದು. ಮುಂದಿನ ಸಲ 20 ಲೀಟರಿನದನ್ನು ಆರಿಸಿಕೊಳ್ಳಿ.

ಯೂರಿಯಾವನ್ನೂ ಸದ್ಯಕ್ಕೆ ಬಿಡಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಕಾಯಿಯ ಪಾಲು ಇನ್ನೂ ಕುಗ್ಗುತ್ತದೆ. ಮೊಟ್ಟೆಯ ಚಿಪ್ಪು ಹಾಕಲೇ ಎಂದು ಕೇಳಿದ್ದೀರಿ. ಅದು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು, ಈ ಬೆಳೆಗೆ ನೆರವಾಗದು.

ಕಪ್ಪಾದ ಕಾಯಿ ಮತ್ತೆ ಸರಿಹೋಗುವುದಿಲ್ಲ, ಕಿತ್ತುಬಿಡಿ. ಗಿಡವನ್ನು ಮಾತ್ರ ಕೀಳಬೇಡಿ! ಅದಿನ್ನೂ ಗಟ್ಟಿಯಾಗಿದೆ, ನೀರು ಹದಕ್ಕೆ ಬಂದರೆ ಹೊಸ ಕಾಯಿಗಳು ಚೆನ್ನಾಗಿಯೇ ಬರುತ್ತವೆ. ಕೆಳಗಿನ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿರುವ ಕಂದು ಮಚ್ಚೆಗಳು ಕಂಡರೆ ಅದು ಬೇರೆಯೇ ರೋಗ. ಆಗ ಎಲೆಯನ್ನು ಹತ್ತಿರದಿಂದ ತೆಗೆದ ಚಿತ್ರ ಕಳುಹಿಸಿ, ನೋಡಿ ಹೇಳುತ್ತೇನೆ.