ಆಪ್ ಸ್ಟೋರ್ ಕಮಿಷನ್: ಶಿರಸಿಯ ಒಬ್ಬ ಡೆವಲಪರ್ ಲೆಕ್ಕ

ಆಪ್‌ನಲ್ಲಿ ಬರುವ ದುಡ್ಡಿನಿಂದ ಆಪ್ ಸ್ಟೋರ್‌ಗಳು ಹಿಡಿಯುವ 30 ಪರ್ಸೆಂಟ್ ಕಮಿಷನ್, ಆಪ್ ಮಾಡುವ ಡೆವಲಪರ್‌ಗಳಿಗೆ ಅನ್ಯಾಯ ಅಲ್ವಾ ಅಂತ ಹಲವರು ಕೇಳುತ್ತಾರೆ. ನಮ್ಮಂಥ ಸಣ್ಣವರಿಗೆ ಅದು 30 ಅಲ್ಲ, 15. ಆಪಲ್, ಗೂಗಲ್ ಎರಡೂ 2021ರಲ್ಲಿ ಇಳಿಸಿದವು. ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದವರ ಮಾತು ಬೇರೆ, ನಾನು ಅಷ್ಟು ದುಡಿಯುವ ಹೊತ್ತಿಗೆ ಮೊಮ್ಮಗ ಆಪ್ ನಡೆಸುತ್ತಿರುತ್ತಾನೆ.

ನನ್ನದು ಶಿರಸಿ. ಅಡಿಕೆ ತೋಟದ ಲೆಕ್ಕ ಬರೆದಿಡುವ ಸಣ್ಣ ಆಪ್ ಮಾಡಿದ್ದೇನೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಮದ್ದು ಹೊಡೆಸಿದ ಖರ್ಚು, ಕೆಂಪಡಿಕೆ ರಾಶಿ ಎಷ್ಟಾಯಿತು, ಬಿಳಿ ಅಡಿಕೆ ಚಾಲಿ ಎಷ್ಟಾಯಿತು, ಇಷ್ಟೇ. ವರ್ಷಕ್ಕೆ 200 ರೂಪಾಯಿ, ಅದರಲ್ಲಿ 30 ಸ್ಟೋರ್‌ಗೆ. ಅದೇ ಅಡಿಕೆಯನ್ನು ಆಪ್‌ನಲ್ಲಿ ಮಾರಿದ್ದರೆ ಒಂದು ಪೈಸೆ ಕಮಿಷನ್ ಇಲ್ಲ, ಯಾಕೆಂದರೆ ಅದು ಬೀಳುವುದು ಡಿಜಿಟಲ್ ಸರಕಿಗೆ ಮಾತ್ರ. ಅಡಿಕೆ ಮಾರಿದರೆ ಇಲ್ಲ, ಅಡಿಕೆ ಲೆಕ್ಕ ಬರೆದರೆ ಇದೆ!

ಹಾಗಂತ ಸ್ಟೋರ್‌ನವರು ಸುಮ್ನೆ ತಿನ್ನುತ್ತಾರೆ ಅಂತ ನಾನು ಹೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಪಿಕೆ ಫೈಲನ್ನು, ಅಂದರೆ ಆಪ್ ಇನ್‌ಸ್ಟಾಲ್ ಮಾಡುವ ಫೈಲನ್ನು, ನೇರವಾಗಿ ವಾಟ್ಸಾಪ್‌ನಲ್ಲಿ ಕಳಿಸಬಹುದು, ನಿಜ. ಆದರೆ ಮದುವೆ ಕರೆಯೋಲೆ ಅಂತ ಎಪಿಕೆ ಕಳಿಸಿ ಖಾತೆ ಗುಡಿಸುವ ಕಳ್ಳರಿರುವ ಕಾಲ ಇದು, ನನ್ನ ಫೈಲನ್ನು ಯಾರು ಮುಟ್ಟುತ್ತಾರೆ? ಸ್ಟೋರ್‌ನಲ್ಲಿದೆ ಅಂದರೆ ನಂಬುತ್ತಾರೆ. ಆ ನಂಬಿಕೆಗೆ ದಲಾಲಿ ಕೊಡಲು ನನಗೆ ಬೇಜಾರಿಲ್ಲ.

ಬೇಜಾರು ಬೇರೆ ಕಡೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಒಬ್ಬರ ದರ ಸರಿಬರದಿದ್ದರೆ ಚೀಲ ಎತ್ತಿ ಪಕ್ಕದ ವಖಾರಿಗೆ ಹಾಕಬಹುದು, ಸೊಸೈಟಿಗೆ ಒಯ್ಯಬಹುದು. ಸ್ಟೋರ್‌ನಲ್ಲಿ ಆ ದಾರಿ ಇಲ್ಲ. 2022ರಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 936 ಕೋಟಿ ದಂಡ ಹಾಕಿದ್ದೂ ಆಪ್‌ನಲ್ಲಿ ದುಡ್ಡು ಪಡೆಯಲು ಗೂಗಲ್‌ನ ಬಿಲ್ಲಿಂಗನ್ನೇ ಬಳಸಬೇಕೆಂಬ ಕಡ್ಡಾಯಕ್ಕೆ. 2025ರಲ್ಲಿ ಮೇಲ್ಮನವಿಯಲ್ಲಿ ಅದು 216 ಕೋಟಿಗೆ ಇಳಿಯಿತು ಬಿಡಿ. ದಂಡದ ನಂತರ ಗೂಗಲ್‌ನವರು ಬೇರೆ ಬಿಲ್ಲಿಂಗ್‌ಗೂ ಅವಕಾಶ ಕೊಟ್ಟರು, ಆದರೆ ಕಮಿಷನ್‌ನಲ್ಲಿ ಬಿಟ್ಟದ್ದು 4 ಪರ್ಸೆಂಟ್. 15 ಇದ್ದದ್ದು 11 ಆಯಿತು, ಪೇಮೆಂಟ್ ಗೇಟ್‌ವೇಗೆ 2ರ ಆಸುಪಾಸು ಹೋಯಿತು, 200 ರೂಪಾಯಿಗೆ ನನಗೆ ಮೊದಲಿಗಿಂತ ಹೆಚ್ಚಿಗೆ ಉಳಿಯುವುದು ನಾಲ್ಕೇ ರೂಪಾಯಿ. ಅದಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಮೊನ್ನೆ ಒಬ್ಬ ಹಿರಿಯರು ಫೋನ್ ಮಾಡಿ, "ನಂಬರ್ ಹೇಳು ತಮಾ, ಯುಪಿಐನಲ್ಲಿ ಈಗಲೇ 200 ಹಾಕುತ್ತೇನೆ" ಅಂದರು. ಹಾಗಲ್ಲ, ಸ್ಟೋರ್ ಮೂಲಕ ಆಪ್‌ನಲ್ಲೇ ಕಟ್ಟಿ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಜಾಸ್ತಿ ಬಿಡಿಸಿ ಹೇಳಲು ಹೋಗಲಿಲ್ಲ. ಕೈಗೆ 195 ಆದರೂ ಬರಲಿ ಅಂತ ಈ ವರ್ಷ 230 ಮಾಡಿದ್ದೇನೆ. ಬೈಗುಳ ಮಾತ್ರ ಸ್ಟೋರ್‌ಗೆ ಹೋಗುವುದಿಲ್ಲ, ನನಗೇ ಬರುತ್ತದೆ.